ಭಾನುವಾರ ಮಾತ್ರ ಓಡುವ ಗಾಡಿ

ಬೈರಕೂರು
16 ಜನವರಿ 2025

ಜಾನ್ ಪಾಷಾ ಅಣ್ಣನವರಿಗೆ,

ಬೈರಕೂರಿನಿಂದ ಆಂಜಿನಮ್ಮ ಬರೆಯುವುದು. ನನ್ನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮನೆಯವರು ಉಮಾಶಂಕರ್ ಗೊತ್ತು. ಎರಡು ವರ್ಷದ ಹಿಂದೆ ಮಾಲೂರಿನ ಹತ್ತಿರ ಒಂದು ಹೂವಿನ ಫಾರ್ಮ್ ಮುಚ್ಚಿದಾಗ ಅಲ್ಲಿದ್ದ ಸಣ್ಣ ಜಪಾನಿ ಟ್ರ್ಯಾಕ್ಟರನ್ನು "ಧೈರ್ಯವಾಗಿ ತಗೊಳ್ಳಿ, ನಾನಿದ್ದೀನಿ" ಎಂದು ಹೇಳಿ ನೀವೇ ಕೊಡಿಸಿದಿರಿ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ, ಓಡಿಸಲು ಬಲಗಾಲಿನ ಪೆಡಲ್ ಒಂದೇ. ಆ ಗಾಡಿ ನೆನಪಿರಬೇಕು.

ಮುಳಬಾಗಿಲಿನ ನಿಮ್ಮ ಗ್ಯಾರೇಜಿಗೆ ಹೋದರೆ ಬೀಗ. ಫೋನ್ ಮಾಡಿದೆ, ನಿಮ್ಮ ಮಗಳು ಜುವೇರಿಯಾ ತೆಗೆದರು. "ಅಬ್ಬಾ ಬೀದರ್‌ನಲ್ಲಿ ನಮ್ಮನೇಲಿದ್ದಾರೆ ಅಕ್ಕಾ. ಗಂಟಲು ಸರಿಯಿಲ್ಲ, ಫೋನಲ್ಲಿ ಮಾತಾಡಲ್ಲ. ಮೊಬೈಲಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಆಗಲ್ಲ. ಕಾಗದ ಬರೀರಿ, ಬರೀತಾರೆ" ಎಂದರು. ಕಾಲೇಜು ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು.

ತೊಂದರೆ ಇಷ್ಟು. ಬೆಳಗ್ಗೆ ಗಾಡಿ ಚೆನ್ನಾಗಿ ಹೊರಡುತ್ತದೆ. ಔಷಧಿ ಟ್ಯಾಂಕ್ ಕಟ್ಟಿಕೊಂಡು ತೋಟ ಸುತ್ತಲು ಶುರುಮಾಡಿ ಒಂದು ಗಂಟೆಯಾಗುತ್ತಲೇ ಸೋಲುತ್ತದೆ. ಮೇಲಿನ ಬಾದಾಮಿ ಮಾವಿನ ಮರಗಳ ಕಡೆ ಏರು ಬಂದರೆ ಇಂಜಿನ್ ಕೂಗುತ್ತದೆ, ಚಕ್ರ ಮಾತ್ರ ಬಸವನಹುಳು. ಒಂಥರಾ ಕುಂಯ್ ಎಂಬ ಸದ್ದೂ ಇದೆ. ಅರ್ಧ ದಿನ ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ಮುಳಬಾಗಿಲಿನ ಇನ್ನೊಬ್ಬ ಮೇಸ್ತ್ರಿ ಬಂದು ಅಡಿಯಲ್ಲಿ ಮಲಗಿ, "ಕ್ಲಚ್ ಪ್ಲೇಟ್ ಎಲ್ಲಮ್ಮಾ ಇದ್ರಲ್ಲಿ?" ಎಂದು ನನ್ನನ್ನೇ ಕೇಳಿ ಹೋದರು.

ಮಾವು ಹೂ ಬಿಟ್ಟಿದೆ, ಜಿಗಿಹುಳು ಕಾಣಿಸಿದೆ. ಈಗ ಔಷಧಿ ಬೀಳದಿದ್ದರೆ ಕಾಯಿ ಕಚ್ಚುವುದಿಲ್ಲ. ದೊಡ್ಡ ಟ್ರ್ಯಾಕ್ಟರ್ ಕೊಂಬೆಗಳ ಕೆಳಗೆ ನುಗ್ಗುವುದಿಲ್ಲ. ಏನು ಮಾಡಲಿ ತಿಳಿಸಿ.

ಆಂಜಿನಮ್ಮ


ಬೀದರ್
24 ಜನವರಿ 2025

ಆಂಜಿನಮ್ಮನವರಿಗೆ ಜಾನ್ ಪಾಷಾ ಸಲಾಂ.

ಆ ಗಾಡಿಯನ್ನು ಮರೆಯುವುದುಂಟೇ. ಕಾಗದ ನೋಡಿ ಖುಷಿಯಾಯಿತು, ಇಲ್ಲಿ ನನ್ನನ್ನು ಯಾರೂ ಗಾಡಿ ವಿಷಯ ಕೇಳುವುದಿಲ್ಲ. ಬೀದರಿನವರ ಉರ್ದುವೂ ಬೇರೆ, ಕನ್ನಡವೂ ಬೇರೆ. ಎರಡರಲ್ಲೂ ನಾನು ಹೊರಗಿನವನೇ.

ಉಮಾಶಂಕರ್‌ಗೆ ಹೀಗೆ ತಿಳಿಸಿ. ಇದಕ್ಕೆ ಹೈಡ್ರೋಸ್ಟಾಟಿಕ್ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಇಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಜೋರಾಗಿ ನೂಕುತ್ತದೆ, ಆ ಎಣ್ಣೆ ಇನ್ನೊಂದು ಕಡೆ ಮೋಟಾರನ್ನು ತಿರುಗಿಸಿ ಚಕ್ರ ಓಡಿಸುತ್ತದೆ. ಗೇರಿನ ಕೆಲಸವನ್ನು ಎಣ್ಣೆ ಮಾಡುತ್ತದೆ, ಅಷ್ಟೇ. ಎಣ್ಣೆ ಅತಿಯಾಗಿ ಬಿಸಿಯಾದರೆ ತೆಳ್ಳಗಾಗುತ್ತದೆ, ತೆಳ್ಳಗಾದ ಎಣ್ಣೆ ನೂಕಲು ಆಗುವುದಿಲ್ಲ. ನಿಮ್ಮ ರೋಗ ಅದೇ. ಯಾಕೆ ಬಿಸಿಯಾಗುತ್ತದೆ ಅನ್ನುವುದು ಪ್ರಶ್ನೆ.

ಮೊದಲು ಎಣ್ಣೆ ಎಷ್ಟಿದೆ ನೋಡಿ. ಬೆಳ್ಳಗೆ ಮಜ್ಜಿಗೆಯಂತಿದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಇದೆಯೋ ಮೂಸಿ ಬರೆಯಿರಿ. ಫಿಲ್ಟರ್ ಬದಲಿಸಿ, ಕೋಲಾರದಲ್ಲಿ ಸಿಗುತ್ತದೆ. ಸೀಟಿನ ಕೆಳಗೆ ಪಂಪು, ಮೋಟಾರು ಇರುವ ಪೆಟ್ಟಿಗೆಗೆ ಗಾಳಿ ಬೀಸುವ ಸಣ್ಣ ಫ್ಯಾನ್ ಇದೆ, ಅಲ್ಲಿ ಮಾವಿನೆಲೆ ತುಂಬಿದ್ದರೆ ತೆಗೆಯಿರಿ. ಆಮೇಲೆ ಉಮಾಶಂಕರ್ ಒಂದು ಪೂರ್ತಿ ದಿನ ಓಡಿಸಿ ನೋಡಲಿ.

ನನ್ನ ಗಂಟಲಿಗೆ ಏನಿಲ್ಲ, ಇಲ್ಲಿಯ ಚಳಿ, ನೆಗಡಿ. ಹೋಗುತ್ತದೆ.

ಜಾನ್ ಪಾಷಾ


ಬೈರಕೂರು
3 ಫೆಬ್ರವರಿ 2025

ಅಣ್ಣನವರಿಗೆ,

ನಿಮ್ಮ ಕಾಗದವನ್ನು ಗಾಡಿಯ ಪಕ್ಕದಲ್ಲೇ ಕೂತು ಓದಿದೆವು. ಎಣ್ಣೆ ಸರಿಯಾಗಿದೆ, ಬೆಳ್ಳಗಿಲ್ಲ, ಕಂದು ಬಣ್ಣ. ಸುಟ್ಟ ವಾಸನೆ ಇದೆ, ಒಗ್ಗರಣೆ ಸೀದ ಹಾಗೆ. ಹೊಸ ಫಿಲ್ಟರ್ ಹಾಕಿದೆವು, ಎಣ್ಣೆಯನ್ನೂ ಬದಲಿಸಿದೆವು. ಫ್ಯಾನಿನ ಹತ್ತಿರ ನೀವು ಹೇಳಿದ್ದೇ ಸರಿ, ಒಂದು ಮೊರದಷ್ಟು ಎಲೆ, ಒಂದು ಓತಿಕ್ಯಾತನ ಒಣಗಿದ ಚರ್ಮವೂ ಸಿಕ್ಕಿತು.

ನಿನ್ನೆ ಭಾನುವಾರ. ನಮ್ಮನೆಯವರಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಪೂರ್ತಿ ದಿನ ರಜಾ ಭಾನುವಾರ ಮಾತ್ರ. ಬೆಳಗ್ಗೆಯಿಂದ ಸಂಜೆಯವರೆಗೂ ಓಡಿಸಿದರು. ಏರು ಇಳಿವು ಎಲ್ಲ ಒಂದೇ ಸಮ. ಸಂಜೆ ನಾನು ಪಾಯಸ ಮಾಡಿದೆ, ನಿಮ್ಮ ಹೆಸರು ಹೇಳಿಕೊಂಡು ತಿಂದೆವು.

ಇವತ್ತು ಸೋಮವಾರ. ಗಾಡಿ ಹೊರಟು ಒಂದು ಗಂಟೆಯೂ ಆಗಲಿಲ್ಲ, ಅದೇ ಸದ್ದು, ಅದೇ ಸೋಲು. ಮೇಲಿನ ಸಾಲಿನಲ್ಲಿ ಔಷಧಿ ಟ್ಯಾಂಕ್ ಅರ್ಧ ತುಂಬಿದಂತೆಯೇ ನಿಂತಿದೆ. ಅಣ್ಣಾ, ನನಗೆ ಏನೂ ಅರ್ಥವಾಗುತ್ತಿಲ್ಲ.

ಆಂಜಿನಮ್ಮ


ಬೀದರ್
11 ಫೆಬ್ರವರಿ 2025

ಆಂಜಿನಮ್ಮನವರೇ,

ನಿಮ್ಮ ಕಾಗದ ಓದಿ ನನಗೂ ತಲೆ ಕೆಟ್ಟಿತು. ಇಷ್ಟು ವರ್ಷ ಟ್ರ್ಯಾಕ್ಟರುಗಳ ಅಡಿಯಲ್ಲೇ ಮಲಗಿದ್ದೇನೆ, ವಾರ ನೋಡಿಕೊಂಡು ಕೆಡುವ ಪಂಪನ್ನು ಕಂಡಿಲ್ಲ. ಜುವೇರಿಯಾಗೆ ತೋರಿಸಿದೆ. "ಅಬ್ಬಾ, ಗಾಡಿಗೂ ಸೋಮವಾರ ಅಂದ್ರೆ ಬೇಜಾರು" ಎಂದು ನಕ್ಕಳು.

ಯೋಚಿಸಿ ಹೇಳಿ. ಭಾನುವಾರಕ್ಕೂ ಸೋಮವಾರಕ್ಕೂ ಏನು ಬದಲಾಗುತ್ತದೆ? ಟ್ಯಾಂಕಿನ ಭಾರ ಒಂದೇನಾ? ಡೀಸೆಲ್ ಒಂದೇ ಕಡೆಯದಾ? ಉಮಾಶಂಕರ್ ಸೋಮವಾರ ಪಾಳಿ ಮುಗಿಸಿ ಬಂದು ಬರೀ ಉರಿಬಿಸಿಲಲ್ಲಿ ಓಡಿಸುತ್ತಾರಾ? ಕೆಟ್ಟ ಗಾಡಿಯನ್ನು ಎಳೆದುಕೊಂಡು ಹೋಗಲು ಹಿಂದೆ ಒಂದು ಸಣ್ಣ ಲಿವರ್ ಇರುತ್ತದೆ. ಅದು ಅರ್ಧ ತೆರೆದಿದ್ದರೆ ಎಣ್ಣೆ ಕೆಲಸ ಮಾಡದೆ ಸುಮ್ಮನೆ ಸುತ್ತಿ ಬಿಸಿಯಾಗುತ್ತದೆ. ಅದನ್ನು ಪೂರ್ತಿ ಮುಚ್ಚಿ ನೋಡಲಿ.

ಇನ್ನೊಂದು. ಗಾಡಿ ಸೋತಾಗ ಜುವೇರಿಯಾ ನಂಬರಿಗೆ ಫೋನ್ ಮಾಡಿ ಸೀಟಿನ ಕೆಳಗೆ ಹಿಡಿಯಿರಿ. ನಾನು ಸದ್ದು ಕೇಳುತ್ತೇನೆ. ಸದ್ದು ಕೇಳಿದರೆ ನನಗೆ ತಿಳಿಯುತ್ತದೆ.

ಜಾನ್ ಪಾಷಾ


ಬೈರಕೂರು
19 ಫೆಬ್ರವರಿ 2025

ಅಣ್ಣನವರಿಗೆ,

ಮೊನ್ನೆ ಫೋನ್ ಮಾಡಿದ್ದು ನಾನೇ. ಮೊದಲು ಸದ್ದು ಕೇಳಿಸಿದೆ, ಆಮೇಲೆ "ಅಣ್ಣಾ, ಕೇಳಿಸ್ತಾ? ಏನಂತೀರಿ?" ಎಂದು ಕೇಳಿದೆ. ಉತ್ತರವಿಲ್ಲ. ಏನೋ ಟಕ್ ಟಕ್ ಎಂದು ಬಡಿದ ಸದ್ದು ಬಂತು. "ಬೇಜಾರಾಯ್ತಾ ಅಣ್ಣಾ?" ಎಂದೆ. ಮತ್ತೆ ಟಕ್ ಟಕ್. ನಾನು ಇಟ್ಟುಬಿಟ್ಟೆ. ಎಷ್ಟು ನೆಗಡಿಯಾಗಿದ್ದರೂ ಒಂದು "ಹೂಂ" ಅನ್ನಬಹುದಿತ್ತು ಎಂದು ಮನಸ್ಸಿಗೆ ಬಂತು. ಮುಚ್ಚಿಟ್ಟು ಏನು ಪ್ರಯೋಜನ, ಅದಕ್ಕೇ ಬರೆದೆ.

ಲಿವರ್ ಮುಚ್ಚಿಯೇ ಇದೆ. ಭಾರ ಒಂದೇ, ಡೀಸೆಲ್ ಒಂದೇ ಬಂಕಿನದು, ಬಿಸಿಲೂ ಒಂದೇ. ಎರಡು ಭಾನುವಾರ ಸರಾಗವಾಗಿ ಓಡಿತು. ವಾರದ ಮಿಕ್ಕ ದಿನ ಅದೇ ಗೋಳು. "ಊರಿಗೆಲ್ಲಾ ಭಾನುವಾರ ರಜಾ, ನಮ್ ಗಾಡಿಗೆ ಭಾನುವಾರ ಒಂದೇ ಕೆಲ್ಸ" ಎಂದು ನಮ್ಮನೆಯವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಒಂದು ಕೇಳುತ್ತೇನೆ. ಓಡಿಸುವವರ ಕೈಗುಣದಿಂದ ಪಂಪು ಕೆಡುತ್ತದೆಯೇ? ಕೆಲವರು ಓಡಿಸಿದರೆ ಗಾಡಿಗೆ ಆಗಿಬರುವುದಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಅದು ನಿಜವೇ?

ಆಂಜಿನಮ್ಮ


ಬೀದರ್
27 ಫೆಬ್ರವರಿ 2025

ಆಂಜಿನಮ್ಮನವರೇ,

ಬೇಜಾರು ಮಾಡಿಕೊಳ್ಳಬೇಡಿ. ಫೋನ್ ಲೈನ್ ಸರಿಯಿರಲಿಲ್ಲ.

ಕೈಗುಣ ಎಲ್ಲ ಸುಳ್ಳು, ಕಬ್ಬಿಣಕ್ಕೆ ಆ ಭೇದ ಗೊತ್ತಿಲ್ಲ. ಉಮಾಶಂಕರ್ ನಿಧಾನಸ್ಥ, ನಾನೇ ಕಲಿಸಿದ್ದೇನೆ, ಅವರ ತಪ್ಪಿಲ್ಲ. ಸದ್ದು ಕೇಳಿದೆ. ಎಣ್ಣೆ ಸುಟ್ಟಿದೆ ಅಂತಲೂ ಬರೆದಿದ್ದೀರಿ. ನನಗೆ ತೋಚುವುದು ಪಂಪೇ ಸವೆದಿದೆ ಅಂತ. ಒಳಗಿನ ಸಣ್ಣ ಪಿಸ್ಟನ್ನುಗಳು ಸವೆದರೆ ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದಾಗ ಸೋಲುತ್ತದೆ. ಭಾನುವಾರ ಓಡುವುದು ಅದೃಷ್ಟ ಅಂತಿಟ್ಟುಕೊಳ್ಳಿ. ಆ ಪಂಪು ಇಲ್ಲಿ ಸಿಗುವುದಿಲ್ಲ.

ಗಾಡಿ ಕೊಟ್ಟುಬಿಡಿ. ಶ್ರೀನಿವಾಸಪುರದಲ್ಲಿ ವೆಂಕಟರಾಯಪ್ಪ ಅಂತ ಇದ್ದಾರೆ, ಹಳೆ ಗಾಡಿಗಳನ್ನು ತೆಗೆದುಕೊಳ್ಳುತ್ತಾರೆ, ಮೋಸದವರಲ್ಲ. ಬದಲಿಗೆ ಕ್ಲಚ್, ಗೇರ್ ಇರುವ ಸಣ್ಣ ಗಾಡಿ ನೋಡಿ. ಎಲ್ಲಿ ಕೆಟ್ಟರೂ ಯಾರಾದರೂ ರಿಪೇರಿ ಮಾಡುತ್ತಾರೆ. ಉಮಾಶಂಕರ್‌ಗೆ ಎರಡು ದಿನದಲ್ಲಿ ಒಗ್ಗುತ್ತದೆ.

ನಾನೇ ಕೊಡಿಸಿ ನಾನೇ ಮಾರಿ ಅನ್ನುವುದು ನನಗೂ ಕಷ್ಟ.

ಜಾನ್ ಪಾಷಾ


ಬೈರಕೂರು
8 ಮಾರ್ಚ್ 2025

ಪಾಷಾ ಅಣ್ಣ,

ವೆಂಕಟರಾಯಪ್ಪನವರು ಬಂದು ಹೋದರು. "ಇದೇಂ ಬಂಡಿ ಅಮ್ಮಾ, ಗೇರೇ ಲೇದು!" ಎಂದು ತೆಲುಗಿನಲ್ಲಿ ಬೆರಗಾಗಿ, ಗೇರೇ ಇಲ್ಲದ ಗಾಡಿಯನ್ನು ಸುತ್ತ ತಿರುಗಿ ನೋಡಿದರು. ಯುಗಾದಿಗೆ ಮೊದಲು ಬಂದು ಒಯ್ಯುತ್ತಾರಂತೆ.

ಗಾಡಿ ಹೋಗುವ ಮುಂಚೆ ನಿಮಗೆ ಒಂದು ವಿಷಯ ತಿಳಿದಿರಲಿ. ನಿಮ್ಮ ಪ್ರತಿ ಕಾಗದದಲ್ಲೂ ಉಮಾಶಂಕರ್ ಓಡಿಸಲಿ, ಉಮಾಶಂಕರ್ ನೋಡಲಿ ಎಂದಿರುತ್ತಿತ್ತು. ನಾನು ತಿದ್ದಲಿಲ್ಲ. ಗಾಡಿ ಓಡಿಸುವುದು ನಾನು. ಅವರು ಓಡಿಸುವುದು ಭಾನುವಾರ ಮಾತ್ರ.

ನಾಲ್ಕು ವರ್ಷದ ಹಿಂದೆ ಕಾಯಿ ಕೀಳುವಾಗ ಮರದಿಂದ ಬಿದ್ದೆ. ಸೊಂಟದ ಮೂಳೆ ಕೂಡಿಕೊಂಡಿತು, ನರ ಕೂಡಿಕೊಳ್ಳಲಿಲ್ಲ. ಎಡಗಾಲಿನಲ್ಲಿ ಮೊಣಕಾಲಿನಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಪಾದ ಎತ್ತಲು ಬರುವುದಿಲ್ಲ, ಜೋತು ಬೀಳುತ್ತದೆ. ಮುಳ್ಳು ಚುಚ್ಚಿದರೂ ರಕ್ತ ನೋಡಿಯೇ ತಿಳಿಯಬೇಕು. ಕೋಲು ಹಿಡಿದು ನಡೆಯುತ್ತೇನೆ. ಬಿದ್ದ ಮೇಲೆ ಎರಡು ವರ್ಷ ತೋಟವನ್ನು ಜಗಲಿಯ ಮೇಲಿನಿಂದ ನೋಡಿದೆ. ಕ್ಲಚ್ ಇಲ್ಲದ ಗಾಡಿ ಇದೆ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದವರು ನಮ್ಮನೆಯವರು. ಮಾಲೂರಿನಲ್ಲಿ ನೀವು ಅವರಿಗೆ ಗಾಡಿ ತೋರಿಸುತ್ತಿದ್ದಾಗ ನಾನು ಗೇಟಿನ ಹೊರಗೆ ಆಟೋದಲ್ಲಿ ಕೂತಿದ್ದೆ. ನೀವು ಅವರಿಗೆ ಕಲಿಸಿದಿರಿ, ಅವರು ನನಗೆ ಕಲಿಸಿದರು.

ಇದನ್ನು ಮೊದಲೇ ಯಾಕೆ ಬರೆಯಲಿಲ್ಲ ಎಂದರೆ, ಕಾಲಿನ ವಿಷಯ ಹೇಳಿದ ತಕ್ಷಣ ಎಲ್ಲರೂ ಗಾಡಿಯನ್ನು ಬಿಟ್ಟು ಕಾಲಿನ ಬಗ್ಗೆಯೇ ಮಾತಾಡುತ್ತಾರೆ. "ನಿಂಗ್ಯಾಕಮ್ಮಾ ಟ್ರ್ಯಾಕ್ಟರು" ಎನ್ನುತ್ತಾರೆ. ನೀವೊಬ್ಬರು ಗಾಡಿಯ ಬಗ್ಗೆ ಮಾತಾಡಿದಿರಿ, ಅದು ಚೆನ್ನಾಗಿತ್ತು.

ಕ್ಲಚ್ ಇರುವ ಗಾಡಿ ಬಂದರೆ ಅದು ನನ್ನದಲ್ಲ. ನಾನು ಮತ್ತೆ ಜಗಲಿಗೆ.

ಆಂಜಿನಮ್ಮ


ಬೀದರ್
14 ಮಾರ್ಚ್ 2025

ಆಂಜಿನಮ್ಮಾ,

ಗಾಡಿ ಕೊಡಬೇಡಿ! ಈ ಕಾಗದ ತಲುಪುವ ಮುಂಚೆ ಜುವೇರಿಯಾ ಫೋನ್ ಮಾಡಿ ಅಷ್ಟು ಮಾತ್ರ ಹೇಳುತ್ತಾಳೆ. ಉಳಿದದ್ದನ್ನು ನಿಧಾನವಾಗಿ ಓದಿ.

ನಿಮ್ಮ ಎಡಪಾದ ಎಲ್ಲಿರುತ್ತದೆ? ಕೂತಾಗ ನೋಡಿಕೊಳ್ಳಿ. ಎಲ್ಲಾ ಟ್ರ್ಯಾಕ್ಟರಿನಲ್ಲಿ ಎಡಗಡೆ ಇರುವುದು ಕ್ಲಚ್. ಈ ಗಾಡಿಯಲ್ಲಿ ಆ ಜಾಗದಲ್ಲಿ ಇರುವುದು ಬ್ರೇಕ್. ಬಲಗಾಲು ತೆಗೆದರೆ ಗಾಡಿ ತಾನೇ ನಿಲ್ಲುವುದರಿಂದ ನಿಮಗೆ ಬ್ರೇಕ್ ಬೇಕಾಗಿರಲಿಕ್ಕಿಲ್ಲ. ಆದರೆ ಪಾದ ಜೋತು ಬಿದ್ದು ಅದರ ಮೇಲೆ ಕೂತರೆ? ಬ್ರೇಕ್ ಸ್ವಲ್ಪವೇ ಹಿಡಿದರೂ ಸಾಕು. ಪಂಪು ನೂಕುತ್ತದೆ, ಬ್ರೇಕ್ ತಡೆಯುತ್ತದೆ, ಎಣ್ಣೆ ಕುದಿಯುತ್ತದೆ. ಬ್ರೇಕ್ ಪ್ಲೇಟುಗಳು ಅದೇ ಎಣ್ಣೆಯಲ್ಲಿ ಮುಳುಗಿವೆ, ಸುಟ್ಟ ವಾಸನೆ ಅಲ್ಲಿಂದ ಬಂದಿರಬೇಕು. ಭಾನುವಾರ ಉಮಾಶಂಕರ್ ಕಾಲು ಬ್ರೇಕಿನ ಮೇಲೆ ಇರುವುದಿಲ್ಲ.

ಒಂದು ಮಾತ್ರ ಹೊಂದುತ್ತಿಲ್ಲ. ಎರಡು ವರ್ಷ ಆಗದ್ದು ಈಗ ಯಾಕಾಯಿತು? ಇತ್ತೀಚೆಗೆ ಯಾರಾದರೂ ಬ್ರೇಕ್ ಟೈಟ್ ಮಾಡಿದರಾ? ಒಂದು ಟವೆಲಿನಿಂದ ಎಡಗಾಲನ್ನು ಪಕ್ಕಕ್ಕೆ ಎಳೆದು ಸೀಟಿನ ಕಂಬಿಗೆ ಕಟ್ಟಿ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಸಮತಟ್ಟು ಜಾಗದಲ್ಲಿ ಓಡಿಸಿ ನೋಡಿ.

ಈಗ ನನ್ನದು. ನೆಗಡಿ ಅಂತ ಬರೆದದ್ದು ಸುಳ್ಳು. ಹೋದ ವರ್ಷ ಗಂಟಲಿನಲ್ಲಿ ಗಡ್ಡೆಯಾಗಿ ಬೆಂಗಳೂರಿನಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಕತ್ತಿನ ತೂತಿನಲ್ಲಿ ಉಸಿರಾಡುತ್ತೇನೆ. ಮಾತು ಹೋಯಿತು, ವಾಸನೆಯೂ ಹೋಯಿತು. ಈಗ ಯಾವ ಗಾಡಿಯ ಎಣ್ಣೆಯಾದರೂ ಮೂಸಿ ಹೇಳಿ ಎಂದು ಬೇರೆಯವರನ್ನೇ ಕೇಳಬೇಕು. ಆ ದಿನ ಫೋನಿನಲ್ಲಿ ನಾನು ಟೇಬಲ್ ಕುಟ್ಟಿದ್ದು, "ಇದ್ದೀನಮ್ಮಾ, ಕೇಳಿಸ್ತಿದೆ" ಎಂದು. ಜುವೇರಿಯಾಗೆ ಚೀಟಿ ಬರೆಯುವಷ್ಟರಲ್ಲಿ ನೀವು ಇಟ್ಟಿರಿ. ಕೇಳಬೇಕಾದ ಪ್ರಶ್ನೆ ಎಷ್ಟೋ ಇದ್ದವು. ಆ ಸಂಕಟದಲ್ಲಿ ಪಂಪು ಹೋಗಿದೆ ಎಂದು ಬರೆದುಬಿಟ್ಟೆ. ನನಗೆ ಖಾತ್ರಿ ಇರಲಿಲ್ಲ.

ಕಾಲಿನ ವಿಷಯ ಹೇಳಿದರೆ ಎಲ್ಲರೂ ಗಾಡಿ ಬಿಡುತ್ತಾರೆ ಎಂದು ಬರೆದಿದ್ದೀರಿ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಗ್ಯಾರೇಜಿಗೆ ಬೀಗ ಹಾಕಿ ಇಲ್ಲಿಗೆ ಬಂದದ್ದೂ ಅದಕ್ಕೇ.

ಜಾನ್ ಪಾಷಾ


ಬೈರಕೂರು
26 ಮಾರ್ಚ್ 2025

ಪಾಷಾ ಅಣ್ಣ,

ನಿಮ್ಮ ಮಗಳ ಫೋನ್ ಬಂದಾಗ ಏನೂ ತಿಳಿಯದೆ ಬರೀ "ಆಯ್ತಮ್ಮಾ" ಎಂದೆ. ಯಾಕೆ ಕೊಡಬಾರದು ಎಂದು ಗೊತ್ತಿಲ್ಲದೆಯೇ ವೆಂಕಟರಾಯಪ್ಪನವರಿಗೆ ಬರಬೇಡಿ ಎಂದೆವು. ಅವರು ತೆಲುಗಿನಲ್ಲಿ ನಾಲ್ಕು ಮಾತು ಆಡಿದರು, ಆಡಲಿ.

ಕಾಗದ ಬಂದ ದಿನ ಗಾಡಿ ಮೇಲೆ ಕೂತು ಕೆಳಗೆ ಬಗ್ಗಿ ನೋಡಿದೆ. ಪಾದ ಬ್ರೇಕಿನ ಮೇಲೇ ಇತ್ತು ಅಣ್ಣಾ, ಯಾರೋ ಇಟ್ಟು ಹೋದ ಸಾಮಾನಿನ ಹಾಗೆ. ಸಂಕ್ರಾಂತಿಗೆ ಮುಂಚೆ ಬ್ರೇಕ್ ತುಂಬಾ ಲೂಸು ಎಂದು ನಮ್ಮನೆಯವರು ಮುಳಬಾಗಿಲಿನಲ್ಲಿ ಟೈಟ್ ಮಾಡಿಸಿದ್ದು ನಿಜ. ಅದಕ್ಕೆ ಮುಂಚೆ ಪಾದ ಬಿದ್ದರೂ ಬ್ರೇಕ್ ಹಿಡಿಯುತ್ತಿರಲಿಲ್ಲ, ಆಮೇಲೆ ಹಿಡಿಯತೊಡಗಿತು. ನಾನು ಬ್ರೇಕ್ ಮುಟ್ಟುವುದೇ ಇಲ್ಲ ಎಂದುಕೊಂಡು ನಿಮಗೆ ಅದನ್ನು ಬರೆಯಲಿಲ್ಲ.

ಟವೆಲಿನಿಂದ ಕಟ್ಟಿ ಓಡಿಸಿದೆ, ನಮ್ಮನೆಯವರು ಫ್ಯಾಕ್ಟರಿಗೆ ರಜಾ ಹಾಕಿ ಪಕ್ಕದಲ್ಲೇ ನಡೆದರು. ಮಧ್ಯಾಹ್ನದವರೆಗೂ ಗಾಡಿ ಸೋಲಲಿಲ್ಲ. ಮಾರನೆಯ ದಿನ ಮತ್ತೆ ಸೋತಿತು, ಅಳುವೇ ಬಂತು. ಆಮೇಲೆ ನೋಡಿದರೆ ಟವೆಲ್ ಜಾರಿತ್ತು. ಕೊನೆಗೆ ವೆಲ್ಡಿಂಗ್ ಅಂಗಡಿಯ ಮುನಿಯಲ್ಲಪ್ಪ ಬ್ರೇಕಿನ ಎಡಕ್ಕೆ ಒಂದು ಕಬ್ಬಿಣದ ತಟ್ಟೆ ಕೂರಿಸಿದರು. ಅಂಚು ಎತ್ತರ, ಅದರಲ್ಲಿಟ್ಟ ಪಾದ ಹೊರಗೆ ಬರುವುದಿಲ್ಲ. ಎಣ್ಣೆ ಮತ್ತೆ ಬದಲಿಸಿದೆವು, ಬ್ರೇಕನ್ನು ಸ್ವಲ್ಪ ಸಡಿಲ ಮಾಡಿಸಿದೆವು. ಆಮೇಲಿಂದ ಎಲ್ಲಾ ದಿನವೂ ಓಡುತ್ತಿದೆ.

ಖುಷಿಯಾಗಬೇಕಿತ್ತು. ಮೊದಲ ದಿನ ಆಗಲಿಲ್ಲ. ಊರವರು ಹೇಳಿದ್ದೇ ನಿಜವಾಯಿತಲ್ಲ, ತೊಂದರೆ ಇದ್ದದ್ದು ನನ್ನಲ್ಲೇ ಎನಿಸಿ ಊಟ ಸೇರಲಿಲ್ಲ. ನಮ್ಮನೆಯವರು ಊಟದ ತಟ್ಟೆ ಮುಂದಿಟ್ಟು, "ನಾಲ್ಕು ವರ್ಷದಿಂದ ಏನೂ ಮಾಡಲ್ಲ ಅಂತಿದ್ದೆ. ನೋಡು, ಒಂದು ಟ್ರ್ಯಾಕ್ಟರನ್ನೇ ತಡೆದು ನಿಲ್ಸಿದೆ ನಿನ್ ಕಾಲು" ಎಂದರು. ನನಗೆ ಕೋಪ ಬಂತು, ಹಿಂದೆಯೇ ನಗುವೂ ಬಂತು.

ಮೇಲಿನ ಬಾದಾಮಿ ಸಾಲು ಹೋಯಿತು, ಹೂವೆಲ್ಲ ಕಪ್ಪಾಗಿ ಉದುರಿತು. ಕೆಳಗಿನ ತೋತಾಪುರಿ ಕಚ್ಚಿದೆ.

ನಿಮ್ಮ ಗಂಟಲಿನ ವಿಷಯ ಓದಿ ಏನು ಬರೆಯಬೇಕೋ ತಿಳಿಯಲಿಲ್ಲ, ಇವತ್ತೂ ತಿಳಿಯುತ್ತಿಲ್ಲ. ಅದಕ್ಕೆ ಗಾಡಿಯ ಬಗ್ಗೆ ಬರೆಯುತ್ತೇನೆ. ಹಿಂದಕ್ಕೆ ತೆಗೆಯುವಾಗ ಈಗ ಟಿಕ್ ಟಿಕ್ ಎಂದು ಹೊಸ ಸದ್ದು. ಭಾನುವಾರವೂ ಬರುತ್ತದೆ, ಆದ್ದರಿಂದ ನನ್ನ ಕಾಲಲ್ಲ. ಇದನ್ನು ಫೋನಿನಲ್ಲಿ ಕೇಳಿಸಲಾರೆ. ಮುಳಬಾಗಿಲಿನ ಬೀಗ ತೆಗೆಯಿರಿ ಅಣ್ಣಾ.

ಹಬ್ಬಗಳು ಅಕ್ಕಪಕ್ಕದ ದಿನವೇ ಬಂದಿವೆ, ಎಲ್ಲರಿಗೂ ಒಳ್ಳೆಯದಾಗಲಿ.

ಆಂಜಿನಮ್ಮ


ಮುಳಬಾಗಿಲು
12 ಏಪ್ರಿಲ್ 2025

ತಂಗಿ ಆಂಜಿನಮ್ಮನಿಗೆ,

ಮೇಲೆ ಊರಿನ ಹೆಸರು ನೋಡಿದೆಯಲ್ಲ. ಹಬ್ಬ ಮುಗಿಸಿ ಬಂದೆ. ಜುವೇರಿಯಾ ಬಸ್ಸಿನ ಕಿಟಕಿಯವರೆಗೂ ಬಂದು, "ಅಬ್ಬಾ, ಅಲ್ಲಿ ಒಬ್ರೇ ಹೇಗೆ?" ಎಂದು ಅತ್ತಳು. ನಿನ್ನ ಕಾಗದ ತೋರಿಸಿ, ಟಿಕ್ ಟಿಕ್ ಎಂಬ ಕಡೆ ಬೆರಳಿಟ್ಟೆ. ಅಳುತ್ತಲೇ ನಕ್ಕಳು.

ಗ್ಯಾರೇಜ್ ತೆರೆದಿದ್ದೇನೆ. ಮಕ್ಕಳ ಹಲಗೆ ಒಂದು ಕೊಂಡಿದ್ದೇನೆ, ಗಿರಾಕಿಗಳಿಗೆ ಅದರಲ್ಲೇ ಬರೆದು ತೋರಿಸುತ್ತೇನೆ. ಮೊದಲು ಬಂದ ಸುರೇಶ್ ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಭಾಯ್, ಟ್ಯೂಬು ಪಂಚರು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಹೋಗಿದ್ದು ಮಾತು, ಕಿವಿಯಲ್ಲ" ಎಂದು ಬರೆದು ತೋರಿಸಿದೆ. ಓದಿ ಅವನಿಗೆ ನಾಚಿಕೆಯಾಯಿತು, ಆದರೂ ಹೋಗುವಾಗ ಮತ್ತೆ ಕೂಗಿಯೇ ಹೋದ. ಒಬ್ಬಿಬ್ಬರು ಕತ್ತಿನ ಕಡೆ ನೋಡಿ ಬಾಗಿಲಿಂದಲೇ ತಿರುಗಿ ಹೋದರು. ಬೇಸರವಾಯಿತು. ಮಾರನೆಯ ದಿನವೂ ಬಾಗಿಲು ತೆಗೆದೆ.

ಟಿಕ್ ಟಿಕ್ ಏನೆಂದು ನನಗೆ ಗೊತ್ತಿಲ್ಲ. ಪೆಡಲಿನ ಕೀಲು ಇರಬಹುದು, ಮುನಿಯಲ್ಲಪ್ಪನ ತಟ್ಟೆಯ ಬೋಲ್ಟು ಇರಬಹುದು, ಒಳಗಿನ ಬೇರಿಂಗೂ ಇರಬಹುದು. ಈ ಸಲ ಕಾಗದದಲ್ಲಿ ಏನನ್ನೂ ಹೇಳುವುದಿಲ್ಲ. ನೀನು ಓಡಿಸು, ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆಯುತ್ತೇನೆ.

ಗುರುವಾರ ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಊರಿನವರೊಬ್ಬರು ಹಾಲಿನ ವ್ಯಾನಿನಲ್ಲಿ ಹೊರಟಿದ್ದಾರೆ, ಈ ಕಾಗದವನ್ನು ಅವರ ಕೈಗೇ ಕೊಡುತ್ತಿದ್ದೇನೆ. ತೋಟದ ಹೊರಗೆ ನಿಂತು ಕೂಗಲು ನನಗಾಗುವುದಿಲ್ಲ, ಓಡಿ ಬಂದು ಅಗುಳಿ ತೆಗೆಯಲು ನಿನಗಾಗುವುದಿಲ್ಲ. ಬಾಗಿಲು ಹಾಕದೆ ಬಿಟ್ಟಿರು.

ಜಾನ್ ಪಾಷಾ